ಕಿವಿಸೇವರ್ ದುಡ್ಡು 65ರವರೆಗೆ ಕಾಯಲೇಬೇಕಾ?

ನಿಮ್ಮ ತಮ್ಮನಿಗೆ 38 ವರ್ಷ, ಡೌನ್ ಸಿಂಡ್ರೋಮ್ ಇದೆ, ಕಿವಿಸೇವರ್‌ನಲ್ಲಿರುವ (ನ್ಯೂಜಿಲೆಂಡಿನ ನಿವೃತ್ತಿ ಉಳಿತಾಯ ಯೋಜನೆ, ಸಾಮಾನ್ಯವಾಗಿ 65ಕ್ಕೆ ಸಿಗುವುದು) ದುಡ್ಡು ಈಗಲೇ ಸಿಗುತ್ತದಾ ಅಂತ ಕೇಳಿದ್ದೀರಿ. ಸಿಗುತ್ತದೆ. ನ್ಯೂಜಿಲೆಂಡಿನಲ್ಲಿ 2021ರ ಮಾರ್ಚ್‌ನಿಂದ ಹುಟ್ಟಿನಿಂದಲೇ ಬಂದ, ಆಯಸ್ಸು ಕಡಿಮೆ ಮಾಡುವ ತೊಂದರೆ ಇರುವವರಿಗೆ ಅಂತಲೇ ಬೇರೆ ದಾರಿ ಇದೆ.

ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ, ಹಂಟಿಂಗ್ಟನ್ಸ್ ಕಾಯಿಲೆ, ಫೀಟಲ್ ಆಲ್ಕೋಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್ (ಬಸಿರಲ್ಲಿದ್ದಾಗ ತಾಯಿ ಕುಡಿದ ಮದ್ಯದಿಂದ ಮಗುವಿಗೆ ಆಗುವ ತೊಂದರೆ), ಈ ನಾಲ್ಕೂ ಸರ್ಕಾರದ ಪಟ್ಟಿಯಲ್ಲೇ ಇವೆ. ಹಾಗಾಗಿ ತೊಂದರೆ ಇದೆ ಅಂತ ಡಾಕ್ಟರ್ ಬರೆದುಕೊಟ್ಟರೆ ಸಾಕು. ಎಷ್ಟು ವರ್ಷ ಬದುಕುತ್ತಾನೆ ಅಂತ ಯಾರ ಕೈಲೂ ಬರೆಸಬೇಕಿಲ್ಲ, ಅದೊಂದು ಸಮಾಧಾನ. ಪಟ್ಟಿಯಲ್ಲಿ ಇಲ್ಲದವರು ಮಾತ್ರ ಅದನ್ನೂ ತೋರಿಸಬೇಕು.

ಅರ್ಜಿ ಹಾಕುವುದು ತಮ್ಮನ ದುಡ್ಡು ಇರುವ ಕಿವಿಸೇವರ್ ಕಂಪನಿಗೇ. ಜೊತೆಗೆ ಬರೆದದ್ದೆಲ್ಲ ನಿಜ ಅಂತ ಪ್ರಮಾಣ ಮಾಡಿ ಸಹಿ ಹಾಕುವ ಪತ್ರ ಇರುತ್ತದೆ. ಮನೆಯಲ್ಲೇ ಸಹಿ ಹಾಕಿಸಿಕೊಂಡು ಹೋಗಬೇಡಿ, ಜಸ್ಟಿಸ್ ಆಫ್ ದಿ ಪೀಸ್ ಅಥವಾ ವಕೀಲರಂಥ, ಪ್ರಮಾಣ ಮಾಡಿಸುವ ಅಧಿಕಾರ ಇರುವವರ ಎದುರಿಗೇ ಹಾಕಬೇಕು. ಜಸ್ಟಿಸ್ ಆಫ್ ದಿ ಪೀಸ್ ದುಡ್ಡು ತಗೊಳ್ಳುವುದಿಲ್ಲ.

ಆದರೆ ಆತುರ ಬೇಡ. ಪೂರ್ತಿ ತೆಗೆಯಲಿ, ಸ್ವಲ್ಪವೇ ತೆಗೆಯಲಿ, ಒಮ್ಮೆ ತೆಗೆದರೆ ಅವರನ್ನು 65 ದಾಟಿದವರ ಹಾಗೆ ನೋಡುತ್ತಾರೆ. ಸರ್ಕಾರ ವರ್ಷಕ್ಕೆ ಹಾಕುವ 260.72 ಡಾಲರ್‌ವರೆಗಿನ ಪಾಲು ನಿಲ್ಲುತ್ತದೆ. ಕೆಲಸ ಕೊಟ್ಟವರೂ ತಮ್ಮ ಪಾಲು ಹಾಕಲೇಬೇಕು ಅಂತಿಲ್ಲ. ನಿಮ್ಮ ತಮ್ಮ ಕೆಲಸಕ್ಕೆ ಹೋಗುತ್ತಿದ್ದಾರೆ ಅಂದಿರಲ್ವಾ, ಸುಮ್ನೆ ತೆಗೆದಿಟ್ಟರೆ ನಷ್ಟವೇ ಜಾಸ್ತಿ. ಅವರಿಗೆ ವರ್ಕ್ ಆಂಡ್ ಇನ್‌ಕಮ್‌ನಿಂದ (ಸರ್ಕಾರದ ನೆರವಿನ ಹಣ ಕೊಡುವ ಕಚೇರಿ) ನೆರವು ಬರುತ್ತಿದ್ದರೆ ಮೊದಲು ಅಲ್ಲಿ ಕೇಳಿ, ನೆರವು ಎಷ್ಟು ಅಂತ ನೋಡುವಾಗ ಬ್ಯಾಂಕಿಗೆ ಬಂದ ದುಡ್ಡನ್ನೂ ಲೆಕ್ಕಕ್ಕೆ ಹಿಡಿಯಬಹುದು.