ಚರ್ಚಿನ ಹಳೆ ಬಣ್ಣ ಕೆರೆಯುವ ಮುಂಚೆ

ಅಕ್ಕಾರೇ, ಬೆಳಗಾವಿ ಕ್ಯಾಂಪಿನ ನಿಮ್ಮ ಹಳೆ ಚರ್ಚಿಗೆ ಕ್ರಿಸ್‌ಮಸ್ ಒಳಗೆ ಪೇಂಟ್ ಹಚ್ಚಿಸಬೇಕು, ಒಳಗೋಡೆಗೆ ಮೊದಲು ಯಾವ ಬಣ್ಣ ಇತ್ತು ಅಂತ ತಿಳಿಯೋದು ಹೇಗೆ ಎಂದು ಕೇಳಿದ್ದೀರಿ. ಗುತ್ತಿಗೆದಾರರಿಗೆ ಈಗಲೇ ಹೇಳಿಬಿಡಿ, ಗೋಡೆ ಕೆರೆಯುವುದು ಬೇಡ.

ಖಾನಾಪುರ ಕಡೆಯ ಒಂದು ಸಣ್ಣ ಚರ್ಚಿನಲ್ಲಿ ನಾನು ಹೋಗುವಷ್ಟರಲ್ಲಿ ತಂತಿ ಬ್ರಶ್ ಹಾಕಿ ಉಜ್ಜಿಬಿಟ್ಟಿದ್ದರು. ಪಾದ್ರಿಗಳ ಕೋಣೆಯ ಕಪಾಟು ಸರಿಸಿದಾಗ ಅಂಗೈಯಗಲ ಉಳಿದಿತ್ತು. ಕಾವಿಕೆಂಪು ಗೆರೆ, ಅದರ ಮೇಲೆ ಅಚ್ಚು ಇಟ್ಟು ಬರೆದ ನೀಲಿ ಎಲೆ. ಗೋಡೆ ತುಂಬಾ ಆ ಬಳ್ಳಿ ಇತ್ತೋ ಏನೋ, ಇನ್ನು ಯಾರೂ ಹೇಳಲಾರರು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಅದಕ್ಕೆ ಕಪಾಟು, ಸ್ವಿಚ್ ಬೋರ್ಡ್ ಹಿಂದೆ ಮೊದಲು ನೋಡಿ. ರಾತ್ರಿ ದೀಪ ಆರಿಸಿ, ಟಾರ್ಚನ್ನು ಗೋಡೆಗೆ ಅಂಟಿಸಿದಂತೆ ಓರೆ ಹಿಡಿಯಿರಿ. ಮುಚ್ಚಿಹೋದ ಚಿತ್ತಾರದ ಅಂಚು ನೆರಳಾಗಿ ಎದ್ದು ಕಾಣುತ್ತದೆ.

ಆಮೇಲೆ ಸರ್ಜಿಕಲ್ ಬ್ಲೇಡಿನಿಂದ ಬಣ್ಣದ ಪದರಗಳನ್ನು ಬಿಡಿಸಿ ಮೆಟ್ಟಿಲು ಮಾಡಿ. ಒಂದೊಂದು ಪದರ ಒಂದು ಸೆಂಟಿಮೀಟರ್ ಅಗಲ ಕಾಣುವಂತೆ, ಗಾರೆ ಸಿಗುವವರೆಗೆ. ಭೂತಗನ್ನಡಿ ಹಿಡಿದು ಪದರಗಳ ನಡುವೆ ಕಪ್ಪು ಮಸಿ ಇದೆಯಾ ನೋಡಿ. ಮೇಣದ ಬತ್ತಿ ಹೊಗೆ, ಧೂಳು ಕೂತಿದ್ದರೆ ಅದರ ಕೆಳಗಿನ ಬಣ್ಣವನ್ನು ಜನ ವರ್ಷಗಟ್ಟಲೆ ನೋಡಿದ್ದಾರೆ ಅಂತ ಅರ್ಥ. ಚೊಕ್ಕಟವಾಗಿದ್ದರೆ ಅದು ಬರೀ ಅಸ್ತರು, ಅಂದರೆ ಬಣ್ಣಕ್ಕೆ ಮೊದಲು ಬಳಿಯುವ ತಳಪದರ, ಇರಬಹುದು. ಜಾಸ್ತಿ ಜನ ಇಲ್ಲೇ ಎಡವುತ್ತಾರೆ, ಅಸ್ತರನ್ನೇ ಮೂಲ ಬಣ್ಣ ಅಂದುಕೊಳ್ಳುತ್ತಾರೆ. ತಿಳಿ ನೀಲಿ ಕಂಡರೂ ಅವಸರ ಬೇಡ. ಸುಣ್ಣ ಬೆಳ್ಳಗೆ ಕಾಣಲಿ ಅಂತ ನೀಲಿ ಬೆರೆಸುವುದು ನಮ್ಮಲ್ಲಿ ಇದ್ದದ್ದೇ ಅಲ್ವಾ. ಎಣ್ಣೆ ಬಣ್ಣ ಕತ್ತಲಲ್ಲಿ ಹಳದಿ ತಿರುಗುತ್ತದೆ. ಕೆಲವು ವಾರ ಬೆಳಕಿಗೆ ಬಿಟ್ಟು ಆಮೇಲೆ ಶೇಡ್ ಕಾರ್ಡ್ ಹಿಡಿಯಿರಿ.

ಹಳೆ ಎಣ್ಣೆ ಬಣ್ಣದಲ್ಲಿ ಸಾಮಾನ್ಯವಾಗಿ ಸೀಸ ಇರುತ್ತದೆ. ಒಣ ಸ್ಯಾಂಡ್ ಪೇಪರ್ ಹಾಕಲೇಬೇಡಿ. ಮಾಸ್ಕ್ ಇರಲಿ, ಮಕ್ಕಳು ಹತ್ತಿರ ಬರಬಾರದು.

ಗಾರೆ ಸಮೇತ ಬೆಂಕಿಕಡ್ಡಿ ತಲೆಯಷ್ಟು ಚೂರು ತೆಗೆದು, ಎಲ್ಲಿಯದು ಎಂದು ಕವರಿನ ಮೇಲೆ ಬರೆದಿಡಿ. ಮೈಸೂರಿನಲ್ಲಿ ಪ್ರಾದೇಶಿಕ ಸಂರಕ್ಷಣಾ ಪ್ರಯೋಗಾಲಯ ಇದೆ, ಅಲ್ಲಿ ವಿಚಾರಿಸಿ. ಚೂರನ್ನು ಅಡ್ಡ ಸೀಳಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಪದರ ಎಣಿಸಬಹುದು. ಟೈಟಾನಿಯಂ ಬಿಳಿ ಸಿಕ್ಕರೆ ಆ ಪದರ 19ನೇ ಶತಮಾನದ್ದಲ್ಲ. ಆ ಬಿಳಿ ಪೇಟೆಗೆ ಬಂದದ್ದೇ 1920ರ ಸುಮಾರಿಗೆ.

ಚರ್ಚಿನ ಹಳೆ ಲೆಕ್ಕದ ಪುಸ್ತಕ ತೆಗೆಸಿ. ಸಭೆಯವರ ಮನೆಗಳಲ್ಲಿ ಅಜ್ಜ ಅಜ್ಜಿ ಮದುವೆ ಫೋಟೋ ಕೇಳಿ, ಕಪ್ಪು ಬಿಳುಪಾದರೂ ಗೋಡೆಯ ಪಟ್ಟಿ ಕಾಣುತ್ತದೆ. ಬೆಳಗಾವಿ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತಲ್ಲ, ಸರ್ಕಾರಿ ಕಟ್ಟಡ ಕೆಲಸದ ಹಳೆ ಕಾಗದಗಳಿಗೆ ಮುಂಬಯಿಯ ಪತ್ರಾಗಾರದಲ್ಲೂ ಹುಡುಕಬೇಕು.

ಹೊಸದಾಗಿ ಹಚ್ಚುವಾಗ ಸುಣ್ಣದ ಗಾರೆಗೆ ಪ್ಲಾಸ್ಟಿಕ್ ಎಮಲ್ಷನ್ ಬೇಡ. ನಮ್ಮ ಮಳೆಗೆ ತೇವ ಒಳಗೇ ಸಿಕ್ಕಿ ಗೋಡೆ ಹಪ್ಪಳ ಏಳುತ್ತದೆ. ಸುಣ್ಣವನ್ನೇ ಹಚ್ಚಿಸಿ, ಮಾಡಿದ ಮೆಟ್ಟಿಲನ್ನು ಹಾಗೇ ಬಿಡಿ.

ಕಪಾಟು ಸರಿಸಿದ ಮೇಲೆ ಫೋಟೋ ಹಾಕಿ, ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಹಿಡಿದು.