ಲಿಂಗ ಕೈಯಲ್ಲಿದೆ, ಮನಸ್ಸು ಅಡುಗೆಮನೆಯಲ್ಲಿ

ಪ್ರಶ್ನೆ: ದೀಕ್ಷೆ ಆಗಿ ಎಷ್ಟೋ ವರ್ಷ ಆಯ್ತು. ದಿನಾ ಸ್ನಾನ ಆದ್ಮೇಲೆ ವಿಭೂತಿ ಹಚ್ಕೊಂಡು ಇಷ್ಟಲಿಂಗ ಪೂಜೆ ಮಾಡ್ತೀನಿ, ಮಂತ್ರನೂ ತಪ್ಪಿಸಲ್ಲ. ಆದ್ರೆ ಮನಸ್ಸೆಲ್ಲಾ ಕುಕ್ಕರ್ ವಿಸಿಲ್ ಮೇಲೇ ಇರುತ್ತೆ. ದೇವ್ರು ನನ್ ಜೊತೆ ಇದ್ದಾನೆ ಅಂತ ಅನ್ಸೋದೇ ಇಲ್ಲ. ಏನ್ ಮಾಡ್ಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಮ್ಮಾ, ಮನಸ್ಸು ಓಡುತ್ತೆ ಅಂತ ಕೊರಗಬೇಡಿ. ತಮ್ಮ ಮನಸ್ಸು ಕೊಂಬೆ ಮೇಲಿನ ಕೋತಿ ಅಂತ ಬಸವಣ್ಣನವರೇ ಕೂಡಲಸಂಗಮದೇವನ ಮುಂದೆ ಹೇಳ್ಕೊಂಡಿದ್ದಾರೆ, ಇನ್ನು ನಾವೆಲ್ಲಾ ಯಾವ ಲೆಕ್ಕ. ನಿಮ್ ಪತ್ರ ಓದಿ ನನಗನ್ಸಿದ್ದು, ಪೂಜೆ ಮುಗಿಸೋ ಅವಸರದಲ್ಲಿ ದೇವರ ಹತ್ರ ಕೂರೋದೇ ಬಿಟ್ಟುಹೋಗ್ತಿದೆ. ಪತ್ರೆ ಹೂವು ಮಂತ್ರ ಎಲ್ಲಾ ಆದ ತಕ್ಷಣ ಲಿಂಗನ ಕರಡಿಗೆಗೆ, ಅಂದ್ರೆ ಅದನ್ನಿಡೋ ಪುಟ್ಟ ಪೆಟ್ಟಿಗೆಗೆ, ಹಾಕಿಬಿಡ್ತೀವಲ್ಲ, ಅಲ್ಲೇ ಸ್ವಲ್ಪ ಹೊತ್ತು ನಿಲ್ಲಿ.

ಲಿಂಗನ ಎಡ ಅಂಗೈ ಮೇಲಿಟ್ಕೊಂಡು ಎದೆ ಮಟ್ಟಕ್ಕೆ ಹಿಡೀರಿ, ಮೊಣಕೈಗೆ ಒಂದು ದಿಂಬು ಕೊಡಿ, ಇಲ್ಲಾಂದ್ರೆ ಧ್ಯಾನವೆಲ್ಲಾ ಕೈ ನೋವಿಗೇ ಹೋಗುತ್ತೆ. ದೀಪ ಪಕ್ಕಕ್ಕಿದ್ರೆ ಲಿಂಗದ ಕಪ್ಪು ಹೊದಿಕೆ (ಕಂತಿ) ಮೇಲೆ ಅದರ ಬೆಳಕು ಸಣ್ಣ ಚುಕ್ಕಿಯಾಗಿ ಕಾಣುತ್ತೆ, ಕಣ್ಣು ಅರ್ಧ ತೆರೆದು ಅದನ್ನೇ ನೋಡ್ತಿರಿ, ರೆಪ್ಪೆ ಬಡೀಬಾರ್ದು ಅನ್ನೋ ಹಠ ಬೇಡ. ಮೊದಲು ತಣ್ಣಗಿದ್ದ ಲಿಂಗ ಅಂಗೈ ಬಿಸಿಗೆ ಮೆಲ್ಲಗೆ ಬೆಚ್ಚಗಾಗೋದು ಗೊತ್ತಾಗುತ್ತೆ. ಮನಸ್ಸು ಎಲ್ಲೋ ಹೋಯ್ತು ಅಂತ ಗೊತ್ತಾದಾಗ ಬೈಕೊಳ್ಳದೆ ಆ ಚುಕ್ಕಿಗೆ ವಾಪಸ್ ಬನ್ನಿ, ಎಷ್ಟು ಸಲ ಹೋದ್ರೂ ಅಷ್ಟೂ ಸಲ ಬನ್ನಿ, ಆ ಬರೋದೇ ಭಕ್ತಿ ಅಂತ ನನ್ನ ನಂಬಿಕೆ.

ಇನ್ನೊಂದು, ಅವನ ಜೊತೆ ನಿಮ್ಮ ಮಾತಲ್ಲೇ ಮಾತಾಡಿ. ವಚನ ಹೇಳಿದ ಶರಣರು ನೋಡಿ, ಒಬ್ಬೊಬ್ರೂ ಅವನನ್ನ ತಮ್ಮದೇ ಹೆಸರಲ್ಲಿ ಕರೆದ್ರು. ಅಲ್ಲಮರಿಗೆ ಗುಹೇಶ್ವರ, ಜೇಡರ ದಾಸಿಮಯ್ಯನವರಿಗೆ ರಾಮನಾಥ, ಅಕ್ಕನಿಗಂತೂ ಚೆನ್ನಮಲ್ಲಿಕಾರ್ಜುನನೇ ಗಂಡ. ಬೇಡಿದ್ರು, ಅತ್ರು, ಮುನಿಸ್ಕೊಂಡ್ರು. ಮಧ್ಯೆ ಪೂಜಾರಿ ಬೇಡ ಅಂತಾನೇ ದೇವರು ನಮ್ಮ ಅಂಗೈಗೆ ಬಂದಿರೋದು ತಾನೇ? ಮಗಳ ಫೀಸು, ಅತ್ತೆಯವರ ಮಂಡಿನೋವು, ನಿನ್ನೆ ಬಂದ ಸಿಟ್ಟು, ಎಲ್ಲಾ ಹೇಳಿ. ಹೇಳಿ ಆದ್ಮೇಲೆ ಸುಮ್ನೆ ಇರಿ, ಉತ್ತರಕ್ಕೂ ಕಾಯ್ಬೇಡಿ.

ಬೆಳಿಗ್ಗೆ ಅಡುಗೆ ಅವಸರ ಇದ್ರೆ ಅಡುಗೆ ಮುಗಿಸಿಯೇ ಕೂತ್ಕೊಳಿ. ಕಾಯಕದಲ್ಲಿ ನಿರತರಾಗಿದ್ರೆ ಲಿಂಗಪೂಜೆನೂ ಮರೀಬೇಕು ಅಂದವರು ಬಿದ್ದ ಅಕ್ಕಿ ಆಯೋದನ್ನೇ ಕಾಯಕ ಮಾಡ್ಕೊಂಡಿದ್ದ ಶರಣ ಆಯ್ದಕ್ಕಿ ಮಾರಯ್ಯನವರು. ಅವರ ಹೆಂಡ್ತಿ ಲಕ್ಕಮ್ಮ, ಗಂಡ ದಿನಾ ತರೋದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಿದ್ದನ್ನ ನೋಡಿದ ತಕ್ಷಣ ಗುರುತಿಸಿ, ಹೋಗಿ ಅಲ್ಲೇ ಸುರಿದು ಬನ್ನಿ ಅಂದ್ರಂತೆ. ಅಕ್ಕಿ ಅಳೆಯೋವಾಗ್ಲೂ ಅಷ್ಟು ಎಚ್ಚರ ಇದ್ದ ಮನೆಯಲ್ಲಿ ಪೂಜೆ ಬೇರೆ, ಒಲೆ ಬೇರೆ ಅಂತ ಇರಲಿಲ್ಲ ಅನ್ಸುತ್ತೆ ನನಗೆ.

ಪ್ರಶ್ನೆ: ಎಲ್ಲರೂ ಮೌನದಲ್ಲಿ ಶಾಂತಿ ಸಿಗುತ್ತೆ ಅಂತಾರೆ, ನನಗೆ ಕಣ್ಮುಚ್ಚಿ ಕೂತ್ರೆ ಅಳು ಬರುತ್ತೆ. ಬಿಟ್ಟುಬಿಡ್ಲಾ?
– ಓದುಗರು, ಗದಗ

ಉತ್ತರ: ಬಿಡಬೇಡಿ, ಅಳು ಬಂದ್ರೆ ಅತ್ತುಬಿಡಿ. ದಿನವೆಲ್ಲಾ ಅದುಮಿಟ್ಟಿದ್ದು ಸದ್ದು ನಿಂತಾಗ ಮೇಲೆ ಬರುತ್ತೆ, ಅವನ ಮುಂದೆ ಅಳೋಕೆ ನಾಚಿಕೆ ಯಾಕೆ. ಕಣ್ಮುಚ್ಚೋದು ಕಷ್ಟ ಆದ್ರೆ ಮೇಲೆ ಹೇಳಿದ ಹಾಗೆ ಲಿಂಗದ ಮೇಲಿನ ದೀಪದ ಚುಕ್ಕಿ ನೋಡ್ತಾ ಕೂತ್ಕೊಳಿ, ಕಡಿಮೆ ಹೊತ್ತೇ ಸಾಕು. ಆದ್ರೆ ಪೂಜೆ ಮುಗಿದ್ಮೇಲೂ ಅಳು ನಿಲ್ಲದೆ, ನಿದ್ದೆ ಊಟ ಕೆಟ್ಟು, ಬದುಕೇ ಬೇಡ ಅನ್ನಿಸ್ತಿದ್ರೆ ದಯವಿಟ್ಟು ಇವತ್ತೇ ಮನೆಯವರಿಗೆ ಹೇಳಿ ಡಾಕ್ಟರ್ ಹತ್ರ ಹೋಗಿ, ಧ್ಯಾನ ಅದರ ಜೊತೆಗೇ ನಡೀಲಿ.