ಕಾರಿನ ಸೌಂಡ್ ಸಿಸ್ಟಂ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನನ್ನ ಹ್ಯಾಚ್‌ಬ್ಯಾಕ್‌ನಲ್ಲಿ ಕಂಪನಿ ಕೊಟ್ಟ ಟಚ್‌ಸ್ಕ್ರೀನ್ ಸ್ಟೀರಿಯೊ, ನಾಲ್ಕು ಸ್ಪೀಕರ್ ಇವೆ. ವಾಲ್ಯೂಮ್ ಏರಿಸಿದರೆ ದನಿ ಒಡೆಯುತ್ತದೆ, ಬಾಗಿಲು ಗಡಗಡ ಅದುರುತ್ತದೆ. ಅಂಗಡಿಯವರು ಮೊದಲು ಸಬ್‌ವೂಫರ್ ಹಾಕಿಸಿ ಎನ್ನುತ್ತಾರೆ. ಸ್ಟೀರಿಯೊ ಬದಲಿಸದೆ ಎಲ್ಲಿಂದ ಶುರುಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಮುಂದಿನ ಎರಡು ಬಾಗಿಲುಗಳಿಂದ ಶುರುಮಾಡಿ, ಸಬ್‌ವೂಫರ್ (ಆಳದ ಬೇಸ್‌ಗಷ್ಟೇ ಇರುವ ಸ್ಪೀಕರ್) ಕೊನೆಗಿರಲಿ. ಬಾಗಿಲಿನ ತಗಡು ತೆಳು, ಅದಕ್ಕೇ ಅದುರುತ್ತದೆ. ಒಳತಗಡಿನಲ್ಲಿ ದೊಡ್ಡ ಕಿಂಡಿಗಳೂ ಇರುತ್ತವೆ. ಸ್ಪೀಕರಿನ ಕೋನಿನ (ಅದುರಿ ದನಿ ಹೊಮ್ಮಿಸುವ ಪೊರೆ) ಹಿಂಬದಿಯ ದನಿ ಅಲ್ಲಿಂದ ಹೊರಬಂದು ಮುಂಬದಿಯ ದನಿಯ ಬೇಸನ್ನು ತಿಂದುಹಾಕುತ್ತದೆ. ಹೀಗಿರುವಾಗ ಎಷ್ಟೇ ದುಬಾರಿ ಸ್ಪೀಕರ್ ಕೂರಿಸಿದರೂ ಹಣ ದಂಡ.

2 ಮಿ.ಮೀ. ದಪ್ಪದ ಬ್ಯುಟೈಲ್ ಡ್ಯಾಂಪಿಂಗ್ ಶೀಟ್ (ಅದುರುವುದನ್ನು ತಡೆಯುವ ಅಂಟು ರಬ್ಬರ್ ಹಾಳೆ) ತನ್ನಿ. ತಗಡಿನ ಜಿಡ್ಡು, ಧೂಳು ಒರೆಸಿ, ಹೊರತಗಡಿನ ಒಳಮೈಗೆ, ಅದರಲ್ಲೂ ಸ್ಪೀಕರಿನ ನೇರ ಹಿಂದೆ ಅಂಟಿಸಿ ರೋಲರಿನಿಂದ ಒತ್ತಿಸಿ. ಪೂರ್ತಿ ಮುಚ್ಚಬೇಕಿಲ್ಲ, ಅರ್ಧದಷ್ಟು ಸಾಕು. ಒಳತಗಡಿನ ಕಿಂಡಿಗಳನ್ನು ಮಾತ್ರ ಬಿಗಿಯಾಗಿ ಮುಚ್ಚಿಸಿ. ಬಾಗಿಲಿನ ಕೆಳಅಂಚಿನ ನೀರಿಳಿಯುವ ತೂತುಗಳನ್ನು ಮುಟ್ಟಲೇಬಾರದು. ಅವು ಕಟ್ಟಿದರೆ ಮಳೆನೀರು ಒಳಗೇ ನಿಂತು ತಗಡು ತುಕ್ಕು ಹಿಡಿಯುತ್ತದೆ.

ಆಮೇಲೆ ಮುಂದಕ್ಕೆ ಒಂದು ಜೊತೆ ಕಾಂಪೊನೆಂಟ್ ಸ್ಪೀಕರ್ (ವೂಫರ್, ಟ್ವೀಟರ್ ಬೇರೆಬೇರೆ ಇರುವ ಸೆಟ್). ನಿಮ್ಮ ಸ್ಟೀರಿಯೊ ಮೇಲೆ 4×50 ವಾಟ್ ಎಂದಿದ್ದರೂ ಅದು ಗರಿಷ್ಠ ಲೆಕ್ಕ; ನಿರಂತರವಾಗಿ ಸಿಗುವುದು ಚಾನೆಲ್‌ಗೆ ಸುಮಾರು 15–20 ವಾಟ್. ಆದ್ದರಿಂದ 4 ಓಮ್, 90 ಡೆಸಿಬೆಲ್ ಅಥವಾ ಹೆಚ್ಚಿನ ಸೆನ್ಸಿಟಿವಿಟಿ (ಕಡಿಮೆ ವಾಟ್‌ನಲ್ಲೂ ಜೋರಾಗಿ ನುಡಿಯುವ ಗುಣ) ಇರುವುದನ್ನೇ ಆರಿಸಿ. ಗಾಜು ಪೂರ್ತಿ ಇಳಿಸಿ ಆಳ ಅಳೆಯಿರಿ, ಇಲ್ಲವಾದರೆ ಮ್ಯಾಗ್ನೆಟ್ ಗಾಜಿಗೆ ತಾಗೀತು. ಸ್ಪೀಕರ್ ಕೂರಿಸುವ ರಿಂಗ್ ಪ್ಲಾಸ್ಟಿಕ್‌ನದಿರಲಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ರಿಂಗ್ ನಮ್ಮ ಮಳೆಗಾಲದ ತೇವಕ್ಕೆ ಊದಿಕೊಂಡು ಸ್ಕ್ರೂ ಸಡಿಲಾಗುತ್ತದೆ. ಕಂಪನಿ ವೈರ್ ಕತ್ತರಿಸಲು ಬಿಡಬೇಡಿ; ನಿಮ್ಮ ಕಾರಿನ ಮಾಡೆಲ್‌ಗೆ ಹೊಂದುವ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಸಿಗುತ್ತದೆ. ಕತ್ತರಿಸಿದರೆ ವಾರಂಟಿಗೆ ತಕರಾರು ಬರಬಹುದು.

ಕೊನೆಗೆ ಪ್ಲಸ್–ಮೈನಸ್ ಪರೀಕ್ಷಿಸಿ. 1.5 ವೋಲ್ಟ್ ಸೆಲ್ಲನ್ನು ಸ್ಪೀಕರ್ ವೈರಿಗೆ ಕ್ಷಣ ಮಾತ್ರ ತಾಗಿಸಿ: ಸೆಲ್ಲಿನ ಪ್ಲಸ್, ಸ್ಪೀಕರಿನ ಪ್ಲಸ್‌ಗೆ ಸೇರಿದ್ದರೆ ಕೋನು ಹೊರಕ್ಕೆ ನೆಗೆಯುತ್ತದೆ. ವೈರನ್ನು ಸ್ಟೀರಿಯೊದಿಂದ ಬಿಡಿಸಿದ ಮೇಲೆಯೇ ಇದನ್ನು ಮಾಡಿ. ಒಂದು ಬದಿ ಉಲ್ಟಾ ಆದರೂ ಬೇಸ್ ಮಾಯ. ಹಿಂದಿನ ಸ್ಪೀಕರ್‌ಗಳನ್ನು ಸದ್ಯಕ್ಕೆ ಹಾಗೇ ಬಿಡಿ.

ಪ್ರಶ್ನೆ: ಆಂಪ್ಲಿಫೈಯರ್ ಹಾಕಿಸಿದ ಮೇಲೆ ಆಕ್ಸಿಲರೇಟರ್ ಒತ್ತಿದಂತೆಲ್ಲ ಕುಯ್ಯ್ ಎಂಬ ಸದ್ದು ಏರುತ್ತದೆ. ಏನು ಕಾರಣ?
– ಓದುಗರು, ಬೆಳಗಾವಿ

ಉತ್ತರ: ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಸದ್ದು ಅದು. ಸ್ಟೀರಿಯೊದಿಂದ ಆಂಪ್‌ಗೆ ಹಾಡಿನ ಸಿಗ್ನಲ್ ತರುವ ಆರ್‌ಸಿಎ ಕೇಬಲ್ ಕಳಚಿ ನೋಡಿ. ಸದ್ದು ಉಳಿದರೆ ದೋಷ ಆಂಪಿನ ಪವರ್ ಅಥವಾ ಅರ್ತ್ (ಕಾರಿನ ಬಾಡಿಗೆ ಸೇರಿಸುವ ಮೈನಸ್) ವೈರ್‌ನಲ್ಲಿ. ನಿಂತರೆ ಸ್ಟೀರಿಯೊ ಕಡೆಯಿಂದ ಬರುವ ಕೇಬಲ್‌ನಲ್ಲಿ, ಅಥವಾ ಎರಡರ ಅರ್ತ್ ನಡುವಿನ ವ್ಯತ್ಯಾಸದಲ್ಲಿ. ಬಹಳಷ್ಟು ಸಲ ಅರ್ತ್ ವೈರನ್ನು ಪೇಂಟ್ ಮೇಲೆಯೇ ಬಿಗಿದಿರುತ್ತಾರೆ. ಪೇಂಟ್ ಕೆರೆದು, ಬರಿ ಲೋಹಕ್ಕೆ, ಪವರ್ ವೈರಿನಷ್ಟೇ ದಪ್ಪದ ತಾಮ್ರದ ವೈರನ್ನು 45 ಸೆಂ.ಮೀ. ಮೀರದಂತೆ ಹಾಕಿಸಿ. ಸೀಟ್‌ಬೆಲ್ಟ್ ಬೋಲ್ಟಿಗೆ ಮಾತ್ರ ಬೇಡ, ಅದು ಪ್ರಾಣ ಕಾಯುವ ಬೋಲ್ಟು. ಪವರ್ ವೈರ್ ಕಾರಿನ ಒಂದು ಬದಿಯಲ್ಲಿ, ಆರ್‌ಸಿಎ ಇನ್ನೊಂದು ಬದಿಯಲ್ಲಿ ಹೋಗಲಿ. ನಾಯ್ಸ್ ಫಿಲ್ಟರ್ ಮೊದಲೇ ಕೊಳ್ಳಬೇಡಿ. ಬಾನೆಟ್ ತೆರೆದಾಗ ಬ್ಯಾಟರಿಯಿಂದ 45 ಸೆಂ.ಮೀ. ಒಳಗೆ ಫ್ಯೂಸ್ ಇದೆಯೇ ನೋಡಿ. ಇಲ್ಲದಿದ್ದರೆ ಇವತ್ತೇ ಹಾಕಿಸಿ. ವೈರ್ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ.

ಪ್ರಶ್ನೆ: ಆಂಪಿನ ಗೇನ್ ಎಷ್ಟು ತಿರುಗಿಸಬೇಕು?
– ಓದುಗರು, ಮೈಸೂರು

ಉತ್ತರ: ಗೇನ್ ಎಂದರೆ ವಾಲ್ಯೂಮ್ ಅಲ್ಲ, ಸ್ಟೀರಿಯೊ ಸಿಗ್ನಲ್‌ಗೆ ಆಂಪನ್ನು ಹೊಂದಿಸುವ ಗುಂಡಿ. ಆಂಪಿನಿಂದ ಸ್ಪೀಕರ್ ವೈರ್ ಕಳಚಿ, ಬೇಸ್–ಟ್ರೆಬಲ್ ಸೊನ್ನೆಗಿಟ್ಟು, ಸ್ಟೀರಿಯೊ ವಾಲ್ಯೂಮನ್ನು ಮುಕ್ಕಾಲಿಗೆ ತಂದು 400 ಹರ್ಟ್ಸ್, 0 ಡೆಸಿಬೆಲ್‌ನ ಟೆಸ್ಟ್ ಟೋನ್ ಹಾಕಿ. ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು ಆಂಪಿನ ಔಟ್‌ಪುಟ್ ಅಳೆಯುತ್ತ ಗೇನನ್ನು ನಿಧಾನವಾಗಿ ಏರಿಸಿ. ಆಂಪಿನ ವಾಟ್ ಮತ್ತು ಸ್ಪೀಕರಿನ ಓಮ್ ಗುಣಿಸಿ ಬಂದ ಸಂಖ್ಯೆಯ ವರ್ಗಮೂಲವೇ ನಿಮ್ಮ ಮಿತಿ: 50 ವಾಟ್, 4 ಓಮ್ ಆದರೆ 14.1 ವೋಲ್ಟ್. ಅಲ್ಲಿಗೆ ಬಂದ ಕೂಡಲೇ ನಿಲ್ಲಿಸಿ, ಬಾಗಿಲ ಸ್ಪೀಕರ್‌ಗಳಿಗೆ ಹೈಪಾಸ್ (ಇಟ್ಟ ಮಟ್ಟಕ್ಕಿಂತ ಕೆಳಗಿನ ಬೇಸ್ ತಡೆಯುವ ಫಿಲ್ಟರ್) 80 ಹರ್ಟ್ಸ್‌ಗೆ ಇಡಿ.